ಅಪ್ರಾಪ್ತರ ತುರ್ತು ಚಿಕಿತ್ಸೆಗೆ ಸಮ್ಮತಿ

ಅನ್ಯರ ಆರೈಕೆಯಲ್ಲಿರುವ ಮಗುವಿಗೆ ತುರ್ತು ಚಿಕಿತ್ಸೆ ಬೇಕಾದಾಗ ನೀಡುವ ಒಪ್ಪಿಗೆ. ಭಾರತದಲ್ಲಿ 18 ವರ್ಷ ತುಂಬದವರ ಪರವಾಗಿ ಸಾಮಾನ್ಯವಾಗಿ ತಂದೆತಾಯಿ ಅಥವಾ ಪಾಲಕರು ಸಹಿ ಹಾಕುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಂ, 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪಾಲಕರ ಅಥವಾ ಅದರ ಹೊಣೆಯನ್ನು ಕಾನೂನುಬದ್ಧವಾಗಿ ಹೊತ್ತವರ ಸಮ್ಮತಿಯಂತೆ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಕೆಲವು ಮಿತಿಗಳೊಳಗೆ ರಕ್ಷಣೆ ನೀಡುತ್ತದೆ. ಪಾಲಕರನ್ನು ಕೇಳಲು ವ್ಯವಧಾನವೇ ಇಲ್ಲದಾಗ 30ನೆಯ ಕಲಂ ಅನ್ವಯಿಸುತ್ತದೆ: ಅಪಘಾತಕ್ಕೀಡಾದ ಮಗುವಿನ ಪ್ರಾಣ ಉಳಿಸಲು ಕೂಡಲೇ ಶಸ್ತ್ರಕ್ರಿಯೆ ನಡೆಸಿದ ವೈದ್ಯ ಅಪರಾಧಿಯಲ್ಲ. 1860ರ ದಂಡ ಸಂಹಿತೆಯಲ್ಲಿ ಇವು 89 ಮತ್ತು 92ನೆಯ ಕಲಂಗಳಾಗಿದ್ದವು. ಗಾಯಾಳುವಿನ ಜೀವರಕ್ಷಣೆ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ (1989) ಸಾರಿತು. ವಸತಿಶಾಲೆ, ಶಿಬಿರಗಳಿಗೆ ಮಗುವನ್ನು ಕಳುಹಿಸುವಾಗ ಅಲರ್ಜಿ, ಔಷಧಿ, ದೂರವಾಣಿ ವಿವರಗಳಿರುವ ಒಪ್ಪಿಗೆ ಪತ್ರವನ್ನು ಮುಂಚಿತವಾಗಿ ಕೊಡುವುದು ಉಪಯುಕ್ತ.