ಇಚಲಕರಂಜಿಯ ಘೋರ್ಪಡೆ ಮನೆತನ: ಜೋಶಿಯೊಬ್ಬ ಘೋರ್ಪಡೆಯಾದ ಕಥೆ

ಇಚಲಕರಂಜಿ ಅಂದ ಕೂಡಲೇ ನಮ್ಮ ಗಡಿಭಾಗದ ಜನಕ್ಕೆ ನೆನಪಾಗುವುದು ಮಗ್ಗದ ಸದ್ದು. ಪಂಚಗಂಗಾ ದಂಡೆಯ ಈ ಊರು ಮಗ್ಗದ ಊರಾಗುವ ಮೊದಲು ಒಂದು ಜಹಗೀರಿನ ರಾಜಧಾನಿಯಾಗಿತ್ತು. ಇನ್ನೂರೈವತ್ತು ವರ್ಷಗಳಷ್ಟು ಕಾಲ ಇದನ್ನು ಆಳಿದ್ದು ಘೋರ್ಪಡೆ ಮನೆತನ. ವಿಶೇಷವೆಂದರೆ, ಈ ಮನೆಯವರು ರಕ್ತದಿಂದ ಘೋರ್ಪಡೆಗಳಲ್ಲ. ಧಣಿಯ ಮೇಲಿನ ಪ್ರೀತಿಯಿಂದ ಆ ಅಡ್ಡಹೆಸರು ಇಟ್ಟುಕೊಂಡವರು.

ಹೆಸರಿನ ಹಿನ್ನೆಲೆ

ಘೋರ್ಪಡ ಎಂದರೆ ಮರಾಠಿಯಲ್ಲಿ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಭೋಸಲೆ ಕುಲದ ವೀರನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದನಂತೆ, ಅದಕ್ಕೇ ಈ ಹೆಸರು ಬಂತು ಎಂಬುದು ಐತಿಹ್ಯ. ಮರಾಠಾ ಘೋರ್ಪಡೆಗಳ ಶಾಖೆಗಳು ಕರ್ನಾಟಕದಲ್ಲೂ ಇವೆ. ಮುಧೋಳ ಮತ್ತು ಸಂಡೂರು ಸಂಸ್ಥಾನಗಳು ಈ ಹೆಸರಿನವೇ. 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆ ಸಂಡೂರು ಮನೆತನದವರು. ಇಚಲಕರಂಜಿಯವರು ಮಾತ್ರ ಕೊಂಕಣಸ್ಥ ಬ್ರಾಹ್ಮಣರು, ಮೂಲ ಅಡ್ಡಹೆಸರು ಜೋಶಿ.

ಧಣಿ ಮತ್ತು ಸೇವಕ

ಮನೆತನದ ಮೂಲಪುರುಷ ನಾರೋ ಮಹಾದೇವ ಜೋಶಿ. ಇವರದು ವೆಂಗುರ್ಲಾ ಕಡೆಯ ಮ್ಹಾಪಣ ಗ್ರಾಮದ ಕುಲಕರ್ಣಿ ಮನೆ. ಘಟ್ಟ ಹತ್ತಿ ಬಂದ ನಾರೋಪಂತ ಕಾಪಶಿಯ ಸಂತಾಜಿ ಘೋರ್ಪಡೆಯ ಚಾಕರಿಗೆ ಸೇರಿದ. ಇಂದು ಕಾಗಲ ತಾಲೂಕಿನಲ್ಲಿರುವ ಆ ಊರನ್ನು ಸೇನಾಪತಿ ಕಾಪಶಿ ಎಂದೇ ಕರೆಯುತ್ತಾರೆ.

ಸಂತಾಜಿ ಔರಂಗಜೇಬನ ಸೈನ್ಯವನ್ನು ನಡುಗಿಸಿದ ಮರಾಠಾ ಸೇನಾಪತಿ. ಅವನ ಎರಡು ದೊಡ್ಡ ಗೆಲುವುಗಳು ಕನ್ನಡ ನೆಲದಲ್ಲೇ ಆದವು. 1695ರಲ್ಲಿ ಚಿತ್ರದುರ್ಗ ಸೀಮೆಯ ದೊಡ್ಡೇರಿಯಲ್ಲಿ ಮೊಗಲ ಸರದಾರ ಕಾಸಿಂಖಾನನನ್ನು ಮುತ್ತಿದ; ಖಾನ ಅಲ್ಲೇ ಸತ್ತ. 1696ರ ಜನವರಿಯಲ್ಲಿ ಬಸವಾಪಟ್ಟಣದ ಬಳಿ ಹಿಮ್ಮತಖಾನನೂ ಬಿದ್ದ. ಆದರೆ ಸಂತಾಜಿಯ ಕಟ್ಟುನಿಟ್ಟು ಅವನಿಗೇ ಮುಳುವಾಯಿತು. ಸ್ವಂತ ಸರದಾರರೇ ದೂರವಾದರು, ಛತ್ರಪತಿ ರಾಜಾರಾಮರ ಜೊತೆಗೂ ಮನಸ್ತಾಪ ಬೆಳೆಯಿತು. 1697ರಲ್ಲಿ ನಾಗೋಜಿ ಮಾನೆ ಎಂಬ ಸರದಾರ ಹಳೆ ವೈರದಿಂದ ಅವನನ್ನು ಕೊಂದ.

ಧಣಿ ಹೋದ ಮೇಲೆ ನಾರೋಪಂತ ಬೇರೆ ಧಣಿಯನ್ನು ಹುಡುಕಿಕೊಳ್ಳಬಹುದಿತ್ತು. ಅವನು ಹಾಗೆ ಮಾಡದೆ ಸಂತಾಜಿಯ ಮನೆಯ ಬೆನ್ನಿಗೆ ನಿಂತ. ಉಂಡ ಮನೆಯ ಋಣ ನೆನೆದು ಜೋಶಿ ಎಂಬ ಹೆಸರು ಬಿಟ್ಟು ಘೋರ್ಪಡೆ ಎಂದು ಬರೆದುಕೊಳ್ಳತೊಡಗಿದ. ಆ ಮನೆಯ ಸೇವೆಯಿಂದಲೇ ಇಚಲಕರಂಜಿ ಮತ್ತು ಆಜರಾ ಭಾಗದ ಇನಾಮುಗಳು ಇವರ ಪಾಲಿಗೆ ಬಂದವು. ಸಂಪತ್ತಿನ ಮೊದಲ ಮೆಟ್ಟಿಲು ಇದು.

ಪೇಶ್ವೆಯರ ಬೀಗತನ

ಎರಡನೆಯ ಮೆಟ್ಟಿಲು ಮದುವೆ. ನಾರೋಪಂತನ ಮಗ ವೆಂಕಟರಾವ್‌ಗೆ ಪೇಶ್ವೆ ಬಾಳಾಜಿ ವಿಶ್ವನಾಥರ ಮಗಳು ಅನುಬಾಯಿಯನ್ನು ಕೊಟ್ಟರು. ಹೀಗೆ ಬಾಜೀರಾವ್ ಮತ್ತು ಚಿಮಾಜಿ ಅಪ್ಪಾ ಇಚಲಕರಂಜಿಯ ಭಾವಮೈದುನರಾದರು. ಬೀಗತನದ ಜೊತೆಗೆ ಅಧಿಕಾರವೂ ಬಂತು, ಕೆಲಸವೂ ಬಂತು. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯಲ್ಲಿ ಪೋರ್ಚುಗೀಜರನ್ನು ಮುತ್ತಿದಾಗ, ಗೋವೆಯಿಂದ ಅಲ್ಲಿಗೆ ನೆರವು ಹೋಗದಂತೆ ತಡೆಯಬೇಕಿತ್ತು. ಆ ಹೊಣೆ ಹೊತ್ತು ಗೋವೆಗೆ ನುಗ್ಗಿ ಮಡಗಾಂವನ್ನು ಹಿಡಿದ ಮುಖ್ಯರಲ್ಲಿ ವೆಂಕಟರಾವ್ ಒಬ್ಬ.

1745ರಲ್ಲಿ ವೆಂಕಟರಾವ್ ತೀರಿಕೊಂಡ. ಅನುಬಾಯಿ ಆಮೇಲೆ ಹಲವು ದಶಕ ಬದುಕಿದಳು. ಮಗ ನಾರಾಯಣರಾವ್ ಹೆಸರಿಗೆ ಯಜಮಾನನಾದರೂ ಮನೆಯ ಸೂತ್ರ ಇದ್ದುದು ತಾಯಿಯ ಕೈಯಲ್ಲಿ. ಪುಣೆಯ ಗಾದಿಯ ಮೇಲೆ ಕೂತ ನಾನಾಸಾಹೇಬ ಅವಳ ಅಣ್ಣನ ಮಗ. ಸೋದರತ್ತೆಯ ಮಾತಿಗೆ ತವರಿನಲ್ಲಿ ಬೆಲೆ ಇತ್ತು.

ಎರಡು ಗಾದಿಗಳ ನಡುವೆ

ತೊಡಕು ಹುಟ್ಟಿದ್ದೂ ಈ ನಂಟಿನಿಂದಲೇ. 1731ರ ವಾರಣಾ ಒಪ್ಪಂದದಲ್ಲಿ ಸಾತಾರಾ ಮತ್ತು ಕೊಲ್ಲಾಪುರ ಗಾದಿಗಳು ವಾರಣಾ ನದಿಯನ್ನು ಗಡಿ ಮಾಡಿಕೊಂಡವು. ಇಚಲಕರಂಜಿ ಇದ್ದದ್ದು ನದಿಯ ದಕ್ಷಿಣಕ್ಕೆ, ಅಂದರೆ ಕೊಲ್ಲಾಪುರದ ಕಡೆ. ಮನೆಯ ನಂಟು ಮಾತ್ರ ಪುಣೆಯದು. ನೆಲ ಒಬ್ಬರದು, ನಿಷ್ಠೆ ಇನ್ನೊಬ್ಬರದು ಎಂದಾಗ ಜಗಳ ತಪ್ಪುತ್ತದೆಯೇ? ಕೊಲ್ಲಾಪುರದ ಸೈನ್ಯಕ್ಕೂ ಇಚಲಕರಂಜಿಯವರಿಗೂ ಎಷ್ಟೋ ಸಲ ಚಕಮಕಿ ನಡೆಯಿತು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿಯಿತು. ತವರಿನ ಬಲ ಹೋಯಿತು. ತಾವು ಸ್ವತಂತ್ರರು ಎಂಬ ವಾದ ನಿಲ್ಲದೆ, ಕೊನೆಗೆ ಬ್ರಿಟಿಷರು ಇಚಲಕರಂಜಿಯನ್ನು ಕೊಲ್ಲಾಪುರದ ಅಧೀನ ಜಹಗೀರುಗಳ ಪಟ್ಟಿಗೆ ಸೇರಿಸಿದರು. ವಿಶಾಳಗಡ, ಬಾವಡಾ, ಕಾಗಲ ಮತ್ತು ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ತೊರಗಲ್ಲು ಅದೇ ಪಟ್ಟಿಯಲ್ಲಿದ್ದವು. ಕಾಪಶಿಯೂ ಇತ್ತು. ಒಂದು ಕಾಲದ ಧಣಿಯ ಮನೆ, ಸೇವಕನ ಮನೆ ಎರಡೂ ಒಂದೇ ಸಾಲಿನಲ್ಲಿ ಬಂದು ನಿಂತವು.

ದತ್ತಕದ ಚಿಂತೆ

19ನೇ ಶತಮಾನದಲ್ಲಿ ಈ ಮನೆಯನ್ನು ಕಾಡಿದ್ದು ಶತ್ರುವಲ್ಲ, ಗಂಡು ಸಂತಾನದ ಕೊರತೆ. ಮತ್ತೆ ಮತ್ತೆ ದತ್ತಕ ತೆಗೆದುಕೊಳ್ಳಬೇಕಾಯಿತು. ಆಗಿನ ಕಾಲದಲ್ಲಿ ದತ್ತಕ ಬರೀ ಮನೆಯೊಳಗಿನ ಮಾತಾಗಿರಲಿಲ್ಲ. ಮೇಲಿನ ಸರಕಾರ ಒಪ್ಪದಿದ್ದರೆ ಜಹಗೀರೇ ಕೈಬಿಟ್ಟು ಹೋಗುತ್ತಿತ್ತು. ದತ್ತಕ ಒಪ್ಪದ್ದಕ್ಕೆ 1824ರಲ್ಲಿ ಕಿತ್ತೂರು, 1858ರಲ್ಲಿ ನರಗುಂದ ದಂಗೆಯೆದ್ದು ಸಂಸ್ಥಾನವನ್ನೇ ಕಳೆದುಕೊಂಡದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಚಲಕರಂಜಿ ಉಳಿದುಕೊಂಡಿತು.

ಕೊಲ್ಲಾಪುರಕ್ಕೂ ದತ್ತಕದಿಂದಲೇ ಒಳ್ಳೆಯ ಅರಸ ಸಿಕ್ಕ. 1884ರಲ್ಲಿ ಕಾಗಲದ ಘಾಟಗೆ ಮನೆಯಿಂದ ಬಂದ ಹುಡುಗನೇ ರಾಜರ್ಷಿ ಶಾಹೂ ಮಹಾರಾಜ. ಇಚಲಕರಂಜಿಗೆ ಅದಕ್ಕೂ ಮೊದಲು, 1876ರಲ್ಲಿ, ದತ್ತು ಬಂದವರು ನಾರಾಯಣರಾವ್ ಬಾಬಾಸಾಹೇಬ.

ನಾರಾಯಣರಾವ್ ಬಾಬಾಸಾಹೇಬ

1892ರಲ್ಲಿ ಅಧಿಕಾರ ವಹಿಸಿಕೊಂಡ ನಾರಾಯಣರಾವ್ 1943ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನ ಜಹಗೀರು ನಡೆಸಿದರು. ಅವರ ಪ್ರೋತ್ಸಾಹದಿಂದ 1904ರಲ್ಲಿ ವಿಠ್ಠಲರಾವ್ ದಾತಾರ ಊರಿನ ಮೊದಲ ಪವರ್‌ಲೂಮ್ ಹಾಕಿದರು. ಮುಂದೆ ಬಣ್ಣದ ಸೀರೆ, ಆಮೇಲೆ ಧೋತರ, ಪಾಪ್ಲಿನ್ ಎಂದು ಊರು ಬೆಳೆಯುತ್ತ ಹೋಗಿ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು.

ಸಂಗೀತಕ್ಕೂ ಈ ವಾಡೆಯಲ್ಲಿ ಆಶ್ರಯ ಸಿಕ್ಕಿತು. ಗ್ವಾಲಿಯರ್ ಗಾಯಕಿಯನ್ನು ಮಹಾರಾಷ್ಟ್ರಕ್ಕೆ ತಂದ ಬಾಳಕೃಷ್ಣಬುವಾ ಇಲ್ಲಿ ಆಸ್ಥಾನ ಗಾಯಕರಾಗಿದ್ದು ‘ಇಚಲಕರಂಜಿಕರ’ ಎಂದೇ ಹೆಸರಾದರು. ಊರಿನ ಹೆಸರು ದೇಶಕ್ಕೆಲ್ಲ ತಿಳಿದದ್ದು ಮೊದಲು ಅವರಿಂದ. ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ್ ಅವರ ಶಿಷ್ಯ.

ವಾಡೆಯಿಂದ ಶಾಲೆಗೆ

1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜಹಗೀರಿನ ಅಧಿಕಾರ ಅಲ್ಲಿಗೆ ಮುಗಿಯಿತು. ಮುಂದಿನ ಕಾಲದಲ್ಲಿ ಊರಿನ ಶಕ್ತಿ ಸಹಕಾರಿ ಸೂತಗಿರಣಿ, ಸಹಕಾರಿ ಬ್ಯಾಂಕು, ಸಕ್ಕರೆ ಕಾರಖಾನೆ ಕಟ್ಟಿದವರ ಕೈಗೆ ಹೋಯಿತು. ಅವರಲ್ಲಿ ದತ್ತಾಜಿರಾವ್ ಕದಮರ ಹೆಸರು ದೊಡ್ಡದು. 1982ರಲ್ಲಿ ಅವರ ಹೆಸರಿನ ಸಂಸ್ಥೆ ಶುರುಮಾಡಿದ ಜವಳಿ ಮತ್ತು ಎಂಜಿನಿಯರಿಂಗ್ ಕಾಲೇಜು ಘೋರ್ಪಡೆಯವರ ರಾಜವಾಡೆಯಲ್ಲೇ ನಡೆಯುತ್ತಿದೆ. 2022ರಲ್ಲಿ ಇಚಲಕರಂಜಿ ಮಹಾನಗರಪಾಲಿಕೆಯೂ ಆಯಿತು.

ಮೊದಲು ಋಣ, ಆಮೇಲೆ ಬೀಗತನ, ಆಮೇಲೆ ದತ್ತಕ: ಈ ಮನೆ ಪ್ರತಿ ಸಲ ಉಳಿದದ್ದು ಹೊರಗಿನಿಂದ ಬಂದವರನ್ನು ತನ್ನವರೆಂದು ಒಪ್ಪಿದ್ದರಿಂದ, ಇಲ್ಲವೇ ತಾನೇ ಇನ್ನೊಬ್ಬರ ಹೆಸರನ್ನು ಒಪ್ಪಿದ್ದರಿಂದ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ, ದುಡಿಮೆಗೆಂದು ಗಡಿ ದಾಟಿ ಈ ಊರಿಗೆ ಬರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಸಲ ಇಚಲಕರಂಜಿಗೆ ಹೋದಾಗ ಆ ಹಳೆ ವಾಡೆಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಈಗ ಅಲ್ಲಿ ಕಲಿಯುತ್ತಿರುವವರು ನೇಕಾರರ, ರೈತರ ಮಕ್ಕಳು.

ಮುಖ್ಯ ವರ್ಷಗಳು

1697: ಸಂತಾಜಿ ಘೋರ್ಪಡೆಯ ಕೊಲೆ
1731: ವಾರಣಾ ಒಪ್ಪಂದ
1739: ವೆಂಕಟರಾವ್ ಗೋವೆ ದಂಡಯಾತ್ರೆ
1745: ವೆಂಕಟರಾವ್ ಮರಣ
1818: ಪೇಶ್ವೆ ಆಳ್ವಿಕೆಯ ಅಂತ್ಯ
1892: ನಾರಾಯಣರಾವ್ ಬಾಬಾಸಾಹೇಬರ ಆಡಳಿತ ಆರಂಭ
1904: ಮೊದಲ ಪವರ್‌ಲೂಮ್
1949: ಸಂಸ್ಥಾನ ವಿಲೀನ