ಗೂಡ್ಸ್ ಗಾಡಿಯಲ್ಲಿ ಬಂದ ಮನೆ

ಮನೆ ಕಟ್ಟುವುದೆಂದರೆ ನಮ್ಮ ಮಲೆನಾಡಿನ ಕಡೆ ಮೊದಲು ಬಾವಿಯ ಮಾತು. ಸೆಲೆ ನೋಡುವವನು ಬಂದು, ಇಲ್ಲಿ ನೀರಿದೆ ಎಂದು ಹೇಳಿದ ಮೇಲೆಯೇ ಪಾಯಕ್ಕೆ ಗೂಟ ಹೊಡೆಯುತ್ತಿದ್ದರು. ಅಮೆರಿಕದಲ್ಲಿ ಒಂದು ಕಾಲಕ್ಕೆ ಸಾವಿರಾರು ಜನರಿಗೆ ಇದು ತಿರುವುಮುರುವಾಯಿತು. ಮನೆ ಮೊದಲು ಬಂತು. ನೀರು ಮನೆಯೊಳಗೆ ಬರುವುದಕ್ಕೆ ಮತ್ತೆ ಎಷ್ಟೋ ವರ್ಷ ಹಿಡಿಯಿತು. ಆ ಮನೆಯಾದರೂ ಬಂದದ್ದು ಹೇಗೆ? ಅಂಚೆಯಲ್ಲಿ ಆರ್ಡರು ಹಾಕಿ, ಗೂಡ್ಸ್ ಗಾಡಿಯಲ್ಲಿ ತರಿಸಿಕೊಂಡು.

ಶಿಕಾಗೋದ ಸಿಯರ್ಸ್ ರೋಬಕ್ ಕಂಪನಿಯ ಹೆಸರನ್ನು ಅಮೆರಿಕಕ್ಕೆ ಬಂದುಹೋದ ಓದುಗರು ಕೇಳಿರಬಹುದು. ರಿಚರ್ಡ್ ಸಿಯರ್ಸ್ ಎಂಬ ರೈಲ್ವೆ ಸ್ಟೇಷನ್ನಿನ ಏಜೆಂಟನೊಬ್ಬ 1886ರಲ್ಲಿ ಕೈಗೆ ಸಿಕ್ಕ ಗಡಿಯಾರಗಳನ್ನು ಮಾರಿ ಆರಂಭಿಸಿದ ವ್ಯಾಪಾರ ಅದು. ಹಳ್ಳಿಯ ರೈತನ ಬಾಗಿಲಿಗೇ ಟಪಾಲು ತಲುಪಿಸುವ ಏರ್ಪಾಡನ್ನು ಸರ್ಕಾರ 1896ರಲ್ಲಿ ಶುರು ಮಾಡಿದ ಮೇಲೆ ಕಂಪನಿಯ ದಪ್ಪ ಕ್ಯಾಟಲಾಗು ಮನೆಮನೆಗೂ ಹೋಯಿತು. ಹೊಲಿಗೆ ಯಂತ್ರ, ನೇಗಿಲು, ಪಿಟೀಲು, ಕೋಟು ಎಲ್ಲವೂ ಅದರಲ್ಲಿ. 1908ರಲ್ಲಿ ಮನೆಗಳಿಗೆಂದೇ ಬೇರೆ ಕ್ಯಾಟಲಾಗು ಬಂತು. ಅದರಲ್ಲಿ 44 ನಮೂನೆಗಳು. ಬೆಲೆ ಮುನ್ನೂರ ಚಿಲ್ಲರೆ ಡಾಲರಿನಿಂದ ಮೂರು ಸಾವಿರದ ಹತ್ತಿರದವರೆಗೆ. ಈ ವ್ಯಾಪಾರಕ್ಕೆ ಇಳಿದವರಲ್ಲಿ ಸಿಯರ್ಸ್ ಮೊದಲನೆಯದಲ್ಲ. ಮಿಶಿಗನ್ನಿನ ಬೇ ಸಿಟಿಯ ಅಲಾದಿನ್ ಕಂಪನಿ 1906ರಲ್ಲೇ ಇಳಿದಿತ್ತು. ಆದರೆ ದೊಡ್ಡ ಹೆಸರು ಸಿಯರ್ಸ್‌ದೇ. 1940ರಲ್ಲಿ ನಿಲ್ಲಿಸುವ ಹೊತ್ತಿಗೆ ಅದು 70ರಿಂದ 75 ಸಾವಿರ ಮನೆ ಮಾರಿತ್ತೆಂದು ಅಂದಾಜು. ಮಾರಾಟದ ಕಡತಗಳು ಉಳಿಯದ ಕಾರಣ ಅಂದಾಜಿಗೇ ತೃಪ್ತಿಪಡಬೇಕು.

ಮನೆ ಬರುತ್ತಿದ್ದ ರೀತಿಯೇ ಒಂದು ಸೊಗಸು. ಹತ್ತಿರದ ರೈಲ್ವೆ ಸ್ಟೇಷನ್ನಿಗೆ ವ್ಯಾಗನ್ ಬಂದಿದೆ ಎಂದು ಕಾಗದ ಬರುತ್ತಿತ್ತು. ಗಂಡ, ಹೆಂಡತಿ, ಮಕ್ಕಳು, ನೆರೆಯವರು ಗಾಡಿ ಕಟ್ಟಿಕೊಂಡು ಹೋಗಿ ಸಾಮಾನು ಇಳಿಸಿಕೊಳ್ಳಬೇಕು. ಸುಮಾರು 30 ಸಾವಿರ ಬಿಡಿ ವಸ್ತುಗಳು: ತೊಲೆ, ಹಲಗೆ, ಬಾಗಿಲು, ಕಿಟಕಿ, ಮೊಳೆ, ಬಣ್ಣ. ಮೊದಮೊದಲು ಮರ ಉದ್ದುದ್ದವಾಗಿಯೇ ಬರುತ್ತಿತ್ತು. ಮುಂದೆ ಅಳತೆಗೆ ಕೊಯ್ದು, ಒಂದೊಂದರ ಮೇಲೂ ಅಕ್ಷರ ಮತ್ತು ಅಂಕಿಯ ಮುದ್ರೆ ಒತ್ತಿ ಕಳಿಸತೊಡಗಿದರು. ಜೊತೆಗೆ 75 ಪುಟಗಳ ಒಂದು ಸೂಚನಾ ಪುಸ್ತಕ. ಇಂಥ ಅಂಕಿಯ ತೊಲೆಯನ್ನು ಇಂಥ ಅಂಕಿಯದರ ಮೇಲೆ ಕೂರಿಸು, ಇಷ್ಟು ಅಂತರಕ್ಕೆ ಮೊಳೆ ಹೊಡೆ, ಹೀಗೆ. ಸಾಧಾರಣ ಕೈಚಳಕ ಇದ್ದವನು ಮೂರು ತಿಂಗಳಲ್ಲಿ ಮನೆ ಎಬ್ಬಿಸಬಹುದು ಎಂಬುದು ಕಂಪನಿಯ ಭರವಸೆ.

ನಾನು ಇಲಿನಾಯ್ ರಾಜ್ಯದ ಸಣ್ಣ ಊರೊಂದರಲ್ಲಿ ಬಹಳ ಕಾಲದಿಂದ ಇದ್ದೇನೆ. ನಮ್ಮ ಮನೆಯ ನೆಲಮಾಳಿಗೆಗೆ ಇಳಿದು ಟಾರ್ಚು ಬಿಟ್ಟರೆ ತೊಲೆಯ ತುದಿಯಲ್ಲಿ ಅಂಥದೊಂದು ಅಕ್ಷರ, ಪಕ್ಕದಲ್ಲಿ ಮೂರು ಅಂಕಿ ಈಗಲೂ ಕಾಣುತ್ತವೆ. ಈ ಕಡೆ ಇಂಥ ಮನೆಗಳು ಅಪರೂಪವೇನಲ್ಲ. ಇದೇ ರಾಜ್ಯದ ಕಾರ್ಲಿನ್‌ವಿಲ್ ಎಂಬ ಊರಿನಲ್ಲಿ ಕಲ್ಲಿದ್ದಲ ಗಣಿಯ ಕೆಲಸಗಾರರಿಗಾಗಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1918ರಲ್ಲಿ ಆರ್ಡರು ಹಾಕಿ ಕಟ್ಟಿಸಿದ 156 ಮನೆಗಳಲ್ಲಿ ಹೆಚ್ಚಿನವು ಇನ್ನೂ ನಿಂತಿವೆ. ಆದರೆ ನನ್ನ ಕುತೂಹಲ ಹೀಗೆ ಗುಂಪಾಗಿ ಎದ್ದ ಮನೆಗಳ ಮೇಲಲ್ಲ. ಯುರೋಪಿನಿಂದ ಹಡಗು ಹತ್ತಿ ಬಂದು, ಭಾಷೆ ಸರಿಯಾಗಿ ಬರದಿದ್ದರೂ ಅಂಕಿ ಓದಬಲ್ಲವರಾಗಿ, ಗೋಡೆಗೆ ಗೋಡೆ ಜೋಡಿಸಿದ ಜನರ ಮೇಲೆ.

ಆ ಜನರ ವ್ಯಾಗನ್ನಿನಲ್ಲಿ ಒಂದು ಮಾತ್ರ ಇರುತ್ತಿರಲಿಲ್ಲ. ನೀರಿನ ಪೈಪು, ಕಕ್ಕಸಿನ ಸಾಮಾನು, ಬಿಸಿ ಮಾಡುವ ಒಲೆ, ವಿದ್ಯುತ್ತಿನ ತಂತಿ ಇವು ಮನೆಯ ಬೆಲೆಯಲ್ಲಿ ಸೇರಿರಲಿಲ್ಲ. ಬೇಕಾದವರು ಬೇರೆ ದುಡ್ಡು ಕೊಟ್ಟು ಬೇರೆಯಾಗಿ ತರಿಸಬೇಕಿತ್ತು. ಇದರಲ್ಲಿ ಕಂಪನಿಯ ಜಿಪುಣತನವೇನೂ ಇಲ್ಲ. ಮರದ ಮನೆ ಎಲ್ಲಿ ನಿಂತರೂ ಮರದ ಮನೆಯೇ. ನೀರಿನ ಕೆಲಸ ಹಾಗಲ್ಲ; ಅದು ಊರನ್ನು ಕೇಳುತ್ತದೆ. ರಸ್ತೆಯಲ್ಲಿ ನೀರಿನ ಪೈಪು ಇದೆಯೇ, ಒಳಚರಂಡಿ ಇದೆಯೇ, ಇಲ್ಲವಾದರೆ ಬಾವಿ ಎಲ್ಲಿ, ಗುಂಡಿ ಎಲ್ಲಿ? ಶಿಕಾಗೋದಲ್ಲಿ ಕುಳಿತವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಹೀಗಾಗಿ ಸಿಯರ್ಸ್ ಸ್ನಾನದ ತೊಟ್ಟಿಯನ್ನೂ ಮಾರಿತು, ಹಿತ್ತಿಲಲ್ಲಿ ನಿಲ್ಲಿಸುವ ಮರದ ಕಕ್ಕಸನ್ನೂ ಮಾರಿತು. ಸಣ್ಣ ಮನೆಗಳ ಕೆಲವು ನಕ್ಷೆಗಳಲ್ಲಿ ಬಚ್ಚಲುಮನೆಯೇ ಇರಲಿಲ್ಲ.

ಪೈಪು ತರಿಸಿಕೊಂಡವನ ಕೆಲಸವೂ ಸುಲಭದ್ದಲ್ಲ. ತೊಲೆಯ ಮೇಲೆ ಅಂಕಿ ಇತ್ತು. ಪೈಪಿಗೆ ಕೈಯ ಅಭ್ಯಾಸ ಬೇಕಿತ್ತು. ಕೊಳಕು ನೀರಿನ ಪೈಪು ಆಗ ಎರಕದ ಕಬ್ಬಿಣದ್ದು, ಎತ್ತಿದರೆ ಸೊಂಟ ಹಿಡಿಯುವಷ್ಟು ತೂಕ. ಒಂದರ ಅಗಲ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಸಂದಿಯಲ್ಲಿ ಡಾಂಬರು ಹಚ್ಚಿದ ಸೆಣಬಿನ ನಾರನ್ನು ಉಳಿಯಿಂದ ಗಿಡಿದು, ಅದರ ಮೇಲೆ ಕರಗಿಸಿದ ಸೀಸ ಸುರಿಯಬೇಕು. ಸೀಸ ತಣಿದಾಗ ಕುಗ್ಗುತ್ತದೆ. ಆದ್ದರಿಂದ ಸುತ್ತಲೂ ಬಡಿದು ಬಿಗಿ ಮಾಡಬೇಕು. ಸಂದಿಯಲ್ಲಿ ಒಂದು ಹನಿ ನೀರಿದ್ದರೆ ಕಾದ ಸೀಸ ಮುಖಕ್ಕೇ ಸಿಡಿಯುತ್ತದೆ. ಸೀಸಕ್ಕೆ ಲ್ಯಾಟಿನ್ನಿನಲ್ಲಿ ಪ್ಲಂಬಮ್ ಎನ್ನುತ್ತಾರೆ. ನಾವು ದಿನಾ ಕರೆಯುವ ಪ್ಲಂಬರ್ ಎಂಬ ಹೆಸರು ಅದರಿಂದಲೇ ಹುಟ್ಟಿದ್ದು.

ಇದಕ್ಕಿಂತ ಸೂಕ್ಷ್ಮವಾದದ್ದು ಗಾಳಿಯ ಲೆಕ್ಕ. ಬಚ್ಚಲಿನ ಕೆಳಗೆ ಪೈಪು ಬಳುಕಿ, ಬಳುಕಿನಲ್ಲಿ ಒಂದಿಷ್ಟು ನೀರು ನಿಂತಿರುತ್ತದಲ್ಲ, ಆ ನೀರೇ ಚರಂಡಿಯ ಹೊಲಸು ಗಾಳಿಯನ್ನು ತಡೆಯುವ ಬಾಗಿಲು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು 1775ರಲ್ಲಿ ತನ್ನ ಕಕ್ಕಸಿನ ಪೇಟೆಂಟಿನಲ್ಲಿ ಇಂಥ ಬಳುಕನ್ನು ಸೇರಿಸಿದ. ಆದರೆ ಮೇಲಿನಿಂದ ನೀರು ಧಡಾರನೆ ಇಳಿದಾಗ ಅದರ ಎಳೆತಕ್ಕೆ ಬಳುಕಿನ ನೀರೂ ಹೊರಟುಹೋಗುತ್ತದೆ. ಹಾಗಾಗದಿರಲು ಪೈಪನ್ನು ಮಾಡಿನ ಮೇಲಕ್ಕೆ ಒಯ್ದು ಬಾಯಿ ತೆರೆದಿಡಬೇಕು. ಅಮೆರಿಕದ ಮನೆಗಳ ಮಾಡಿನ ಮೇಲೆ ಏನೂ ಕೆಲಸವಿಲ್ಲದಂತೆ ನಿಂತಿರುವ ಮೋಟು ಪೈಪು ಇದೇ. ಅಡ್ಡ ಮಲಗಿದ ಪೈಪಿಗೆ ಅಡಿಗೆ ಕಾಲಂಗುಲ ಇಳಿಜಾರು. ಇಳಿಜಾರು ಕಡಿಮೆಯಾದರೆ ಕೊಳಕು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಕೊಂಡವರು ಎಷ್ಟು ಮಂದಿ? ಅಮೆರಿಕ ಸರ್ಕಾರ ಮೊದಲ ಸಲ ವಸತಿ ಗಣತಿ ಮಾಡಿದ್ದು 1940ರಲ್ಲಿ. ತಣ್ಣೀರು ಬಿಸಿನೀರಿನ ನಲ್ಲಿ, ಸ್ನಾನದ ತೊಟ್ಟಿ ಅಥವಾ ಷವರು, ನೀರು ಬಿಡುವ ಕಕ್ಕಸು ಈ ಮೂರೂ ಇಲ್ಲದ, ಅಥವಾ ಇವುಗಳಲ್ಲಿ ಒಂದಾದರೂ ಕೊರೆಯಾದ ಮನೆಗಳು ಆಗ ನೂರಕ್ಕೆ 45. ಹಳ್ಳಿಯ ಕಡೆ ಇನ್ನೂ ಹೆಚ್ಚು. ಬಾವಿಯ ನೀರನ್ನು ಮೇಲೆತ್ತಲು ವಿದ್ಯುತ್ ಬೇಕು. 1930ರ ದಶಕದ ನಡುವೆ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಅಧ್ಯಕ್ಷ ರೂಸ್‌ವೆಲ್ಟ್ 1935ರಲ್ಲಿ ಗ್ರಾಮೀಣ ವಿದ್ಯುದೀಕರಣದ ಆಡಳಿತವನ್ನು ಸ್ಥಾಪಿಸಿದ ಮೇಲೆ, ರೈತರು ತಮ್ಮತಮ್ಮಲ್ಲೇ ಸಹಕಾರ ಸಂಘ ಕಟ್ಟಿಕೊಂಡು ತಂತಿ ಎಳೆಸಿಕೊಂಡರು. ಮೂರು ತಿಂಗಳಲ್ಲಿ ಮನೆ ಎಬ್ಬಿಸಿದವನ ಹೆಂಡತಿ ಅದೇ ಮನೆಗೆ ಹತ್ತಾರು ವರ್ಷ ಬಕೀಟಿನಲ್ಲಿ ನೀರು ಹೊತ್ತಳು. ನಲ್ಲಿಯ ನೀರಿನ ಚರಿತ್ರೆ ಬರೆಯುವವರು ಆ ಹೆಂಗಸಿನ ಭುಜದಿಂದ ಶುರು ಮಾಡಬೇಕು.

ಅದೇ ವರ್ಷಗಳಲ್ಲಿ ನಮ್ಮವನೊಬ್ಬ ಇಲ್ಲಿ ಮನೆ ಮಾಡಬಹುದಿತ್ತೇ ಎಂದು ಓದುಗರು ಕೇಳಬಹುದು. ಪಂಜಾಬಿನಿಂದ ಬಂದು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿದವರು ಇದ್ದರು. ಆದರೆ ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಗಳು ಜಮೀನು ಕೊಳ್ಳಬಾರದೆಂದು ಆ ರಾಜ್ಯ 1913ರಲ್ಲಿ ಕಾನೂನು ಮಾಡಿತ್ತು. ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ನಮ್ಮ ಕನ್ನಡಿಗರು ಹೆಚ್ಚಾಗಿ ಬಂದದ್ದು 1965ರ ವಲಸೆ ಕಾನೂನಿನ ಮೇಲೆ. ಅಷ್ಟರಲ್ಲಿ ಅಂಚೆಯ ಮನೆಗಳು ಹಳೆಯ ಮನೆಗಳಾಗಿದ್ದವು. ಅವನ್ನು ಕಟ್ಟಿದವರ ಮಕ್ಕಳಿಂದ ಕೊಂಡುಕೊಳ್ಳುವ ಸರದಿ ನಮ್ಮದಾಯಿತು.

ಕೊಂಡ ಮೇಲೆ ಪೈಪು ತುಕ್ಕು ಹಿಡಿಯುತ್ತದೆ. ಇಲಿನಾಯ್‌ನಲ್ಲಿ ಮನೆಯ ಯಜಮಾನ ತಾನೇ ವಾಸವಾಗಿದ್ದರೆ ತನ್ನ ಮನೆಯ ಪೈಪಿನ ಕೆಲಸವನ್ನು ತಾನೇ ಮಾಡಬಹುದು. ಪರವಾನಗಿ ಪಡೆದು, ಇನ್‌ಸ್ಪೆಕ್ಟರಿಗೆ ತೋರಿಸಬೇಕು ಅಷ್ಟೆ. ನಾನು ಒಂದು ಬೇಸಿಗೆ ಹಳೆಯ ಎರಕದ ಪೈಪನ್ನು ಕೊಯ್ದು ತೆಗೆದು ಪಿವಿಸಿ ಹಾಕಿದೆ. ಈಗ ಸೀಸವಿಲ್ಲ, ಬೆಂಕಿಯಿಲ್ಲ. ಅಂಟು ಹಚ್ಚಿ ಒತ್ತಿ ಹಿಡಿದರೆ ಮುಗಿಯಿತು. ಆದರೆ ಅಡಿಗೆ ಕಾಲಂಗುಲದ ಇಳಿಜಾರು ಅಂದಿನದೇ. ರಸಮಟ್ಟ ಹಿಡಿದು ಮಂಡಿಯೂರಿ ಕೂತಾಗ, ಇದೇ ಜಾಗದಲ್ಲಿ ಇದೇ ಇಳಿಜಾರನ್ನು ಅಳೆದ ಆ ಮೊದಲಿನ ಮನುಷ್ಯನ ನೆನಪಾಗುತ್ತಿತ್ತು.

ಆ ಬೇಸಿಗೆ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಳು. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ನೋಡಿ, "ಅಲ್ಲೋ ಮಗ, ಇದಕ್ಕೆಲ್ಲ ಇಲ್ಲಿ ಜನ ಸಿಗಲ್ವೇನೋ?" ಎಂದಳು. ಸಿಗುತ್ತಾರೆ, ಗಂಟೆಗೆ ನನ್ನ ಸಂಬಳಕ್ಕಿಂತ ಹೆಚ್ಚು ಕೇಳುತ್ತಾರೆ ಎಂದೆ. ಅಮ್ಮನಿಗೆ ನಗು ಬಂತು. ಆಮೇಲೆ, "ಸ್ನಾನ ಮಾಡಿಯೇ ಒಳಗೆ ಬಾ" ಎಂದು ಹೇಳಿ ಹೋದಳು.

ಅಮ್ಮನ ಪ್ರಶ್ನೆ ದುಡ್ಡಿನದಲ್ಲವೆಂದು ನನಗೆ ಗೊತ್ತಿತ್ತು. ಬಚ್ಚಲಿನ ನೀರು ಕೆಸುವಿನ ಗಿಡಕ್ಕೆ, ತೆಂಗಿನ ಬುಡಕ್ಕೆ ಹೋಗುವವರೆಗೂ ನಾವು ಲೆಕ್ಕ ಇಡುತ್ತಿದ್ದೆವು. ನಮ್ಮ ಪೇಟೆಗಳ ಕಕ್ಕಸಿನ ವಿಷಯಕ್ಕೆ ಬಂದರೆ ಅದರ ಆಚೆಯ ತುದಿ ಯಾರ ತಲೆಯ ಮೇಲಿದೆ ಎಂದು ಕೇಳುತ್ತಿರಲಿಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲ ವರ್ಷಗಳಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಮತ್ತೆ ಬಿಗಿಯಾದದ್ದು 2013ರಲ್ಲಿ. ಇಷ್ಟಾದರೂ ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ. ಅಮೆರಿಕದವರು ನಮಗಿಂತ ಪುಣ್ಯವಂತರೆಂದು ನಾನು ಹೇಳುವುದಿಲ್ಲ. ಯಾರಿಗೆ ಜಮೀನು, ಯಾರಿಗಿಲ್ಲ ಎಂಬ ಅವರ ಲೆಕ್ಕವನ್ನು ಮೇಲೆ ಹೇಳಿದೆನಷ್ಟೆ. ಆದರೆ ತನ್ನ ಮನೆಯ ಹೊಲಸಿನ ದಾರಿಯನ್ನು ತಾನೇ ಕೈಯಾರೆ ಹಾಸಿಕೊಂಡವನಿಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದಿರುತ್ತದೆ. ಆ ಕೆಲಸ ಕೀಳೆಂದು ಹೇಳಲು ಅವನ ನಾಲಿಗೆ ಏಳುವುದಿಲ್ಲ.

ಕೈಯಾರೆ ಕಟ್ಟಿದ್ದೆಲ್ಲ ಕೈಯಲ್ಲಿ ಉಳಿಯಲೂ ಇಲ್ಲ. ಸಿಯರ್ಸ್ 1911ರಿಂದ ಮನೆಗೆ ಸಾಲವನ್ನೂ ಕೊಡುತ್ತಿತ್ತು. ಕೆಲವು ಕಾಲ, ಕಟ್ಟುವವನ ಸ್ವಂತ ದುಡಿಮೆಯನ್ನೇ ಅವನ ಪಾಲಿನ ಬಂಡವಾಳವೆಂದು ಎಣಿಸಿತು. 1929ರ ಕುಸಿತದ ಮೇಲೆ ಕೆಲಸ ಹೋದವರು ಕಂತು ಕಟ್ಟಲಾರದೆ ಹೋದರು. ಕಂಪನಿ ತನ್ನ ಗಿರಾಕಿಗಳ ಮನೆಗಳನ್ನೇ ಜಪ್ತಿ ಮಾಡಬೇಕಾಯಿತು; 1934ರ ಹೊತ್ತಿಗೆ ಸಾಲ ಕೊಡುವುದನ್ನು ನಿಲ್ಲಿಸಿತು. ತಾನೇ ಮೊಳೆ ಹೊಡೆದ ಬಾಗಿಲಿಗೆ ಬೀಗ ಬಿದ್ದದ್ದನ್ನು ನೋಡಿ ಹೊರಟವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಅವರು ಸೀಸ ಎರೆದ ಸಂದುಗಳು ಮಾತ್ರ ಎಷ್ಟೋ ನೆಲಮಾಳಿಗೆಗಳಲ್ಲಿ ಇನ್ನೂ ಸೋರದೆ ನಿಂತಿವೆ.

ನಮ್ಮ ಊರಿನ ಪರವಾನಗಿಯ ಕಾಗದದಲ್ಲಿ ಒಂದು ನಿಯಮವಿದೆ. ಮನೆಯೊಳಗಿನ ಪ್ರತಿಯೊಂದು ಸಂದನ್ನೂ ಯಜಮಾನ ತಾನೇ ಹಾಕಬಹುದು. ರಸ್ತೆಯ ಕೆಳಗಿರುವ ಊರಿನ ಪೈಪಿಗೆ ಸೇರಿಸುವ ಸಂದನ್ನು ಮಾತ್ರ ಊರಿನವರೇ ಬಂದು ಹಾಕುತ್ತಾರೆ. ಅವರು ಬಂದ ದಿನ ಅಮ್ಮ ಬಿಸಿಲಿನಲ್ಲಿ ಅಗೆಯುತ್ತಿದ್ದ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಒಬ್ಬ ಉಪ್ಪು ಹೆಚ್ಚಾಯಿತೆಂದು ಮುಖ ಮಾಡಿದ. ಇನ್ನೊಬ್ಬ ಮತ್ತೊಂದು ಲೋಟ ಕೇಳಿದ.