ನಡುಪುಟ ತೆರೆದು ಹುಡುಕುವ ಲೆಕ್ಕ, ಅದರೊಳಗೆ ಕೂತಿದ್ದ ತಪ್ಪು

ನಿಘಂಟಿನಲ್ಲಿ ‘ಮಳೆ’ ಹುಡುಕಲು ಯಾರೂ ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ನಡುವೆ ತೆರೆಯುತ್ತೇವೆ. ‘ತ’ ಸಿಕ್ಕರೆ ಹಿಂದಿನ ಅರ್ಧ ಬಿಟ್ಟು ಮುಂದಿನ ಅರ್ಧದ ನಡುವೆ ನೋಡುತ್ತೇವೆ. ಕಂಪ್ಯೂಟರಿನಲ್ಲಿ ಇದೇ ಬೈನರಿ ಸರ್ಚ್. ಪಟ್ಟಿ ಕ್ರಮವಾಗಿ ಜೋಡಿಸಿರಬೇಕು, ಅಷ್ಟೇ. ಸಾವಿರ ಹೆಸರಿದ್ದರೆ ಹೆಚ್ಚೆಂದರೆ 10 ಸಲ, 10 ಲಕ್ಷ ಇದ್ದರೆ 20 ಸಲ ನೋಡಿದರೆ ಸಾಕು.

ಎನಿಯಾಕ್ ಕಂಪ್ಯೂಟರ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿ 1946ರಲ್ಲಿ ಅಮೆರಿಕದ ಮೂರ್ ಸ್ಕೂಲಿನ ಉಪನ್ಯಾಸದಲ್ಲಿ ಈ ವಿಧಾನ ಹೇಳಿದ್ದರು. ಎಷ್ಟೇ ಉದ್ದದ ಪಟ್ಟಿಗೂ ಹೊಂದುವ ರೂಪ ಅಚ್ಚಾಗಲು 1960ರ ದಶಕವೇ ಬರಬೇಕಾಯಿತು. ಮುಂದೆ ಜಾನ್ ಬೆಂಟ್ಲಿ ಅನುಭವಿ ಪ್ರೋಗ್ರಾಮರ್‌ಗಳಿಗೆ ಇದನ್ನೇ ಬರೆಯಲು ಕೊಟ್ಟರು. ಹೆಚ್ಚಿನವರು ತಪ್ಪಿದರು. 1986ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಸರಿಯಾದ ಕ್ರಮವನ್ನು ಸಾಧಿಸಿಯೂ ತೋರಿಸಿದರು.

ಆದರೆ 2006ರಲ್ಲಿ ಜೋಶುವಾ ಬ್ಲಾಕ್ ಒಂದು ಸಂಗತಿ ಬರೆದರು. ತಾವು ಜಾವಾ ಭಾಷೆಗೆ ಬರೆದುಕೊಟ್ಟಿದ್ದ ಬೈನರಿ ಸರ್ಚ್‌ನಲ್ಲೂ, ಬೆಂಟ್ಲಿ ಪುಸ್ತಕದಲ್ಲೂ ಒಂದೇ ತಪ್ಪಿತ್ತು! ನಡು ಸಿಗಲು ಮೊದಲ ಮತ್ತು ಕೊನೆಯ ಸ್ಥಾನದ ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸುತ್ತಿದ್ದರು. ಜಾವಾದ ಸಾಮಾನ್ಯ ಪೂರ್ಣಾಂಕ ಸುಮಾರು 214 ಕೋಟಿವರೆಗೆ ಮಾತ್ರ ಹಿಡಿಯುತ್ತದೆ. ಮೊತ್ತ ಅದನ್ನು ದಾಟಿದರೆ, ಹಳೆ ಬೈಕಿನ ಮೀಟರ್ ತಿರುಗಿ ಸೊನ್ನೆಗೆ ಬರುವ ಹಾಗೆ, ಲೆಕ್ಕ ಮಗುಚಿ ಋಣಸಂಖ್ಯೆಯಾಗುತ್ತದೆ. ಪಟ್ಟಿ ನೂರು ಕೋಟಿ ದಾಟುವವರೆಗೆ ತಪ್ಪು ಕಾಣುತ್ತಲೇ ಇರಲಿಲ್ಲ. ಪರಿಹಾರ ಸುಲಭ: ಎರಡರ ವ್ಯತ್ಯಾಸದ ಅರ್ಧವನ್ನು ಮೊದಲ ಸಂಖ್ಯೆಗೆ ಕೂಡಿಸುವುದು.

ಇಂದು ಪಡಿತರ, ಪಿಂಚಣಿ ಪಟ್ಟಿಗಳೂ ಕಂಪ್ಯೂಟರಿನಲ್ಲೇ ಇವೆ. ಪಟ್ಟಿಯ ಕ್ರಮ ಕೆಟ್ಟಿದ್ದರೆ, ಇರುವ ಹೆಸರನ್ನೂ ಈ ವಿಧಾನ ‘ಇಲ್ಲ’ ಎನ್ನಬಹುದು. ‘ಕಂಪ್ಯೂಟರ್ ಹೇಳ್ತಿದೆ, ನಿಮ್ಮ ಹೆಸರಿಲ್ಲ’ ಎಂದರೆ ಸುಮ್ಮನೆ ಮನೆಗೆ ಬರಬೇಡಿ. ಇನ್ನೊಮ್ಮೆ ನೋಡಿ ಎಂದು ಕೇಳಿ.